ಎಡಗಡೆಯ ಬೆಳಕು

ಒಂದನೇ ಕ್ಲಾಸಿನ ಟೀಚರ್ ಯುಸ್ತೀನಾ ಮಕಾರಿವ್ನಾ ಯಾರ ಮನೆಗೆ ಹೋದರೂ ಮೊದಲು ನೋಡುವುದು ಆ ಮನೆಯ ಮಗು ಓದಲು ಕೂರುವ ಮೇಜನ್ನು. ಕಿಟಕಿ ಎಡಕ್ಕಿಲ್ಲದಿದ್ದರೆ ಚಹಾ ಕುಡಿಯುವ ಮುಂಚೆಯೇ ಮೇಜು ತಿರುಗಿಸಿ ಹಾಕುತ್ತಿದ್ದರು. ಬರೆಯುವಾಗ ಬಲಗೈಯ ನೆರಳು ಅಕ್ಷರದ ಮೇಲೆ ಬೀಳಬಾರದು, ಅಷ್ಟೇ. ಸರ್ಕಾರದ ಹಳೇ ನಿಯಮ ಅದು. ಉಳಿದ ಟೀಚರುಗಳು ಮರೆತರು, ಈಯಮ್ಮ ಮಾತ್ರ ಜಪ್ಪಯ್ಯ ಅಂದರೂ ಬಿಡಲಿಲ್ಲ. ಬರವಣಿಗೆ ಶುರುವಾಗುವ ಮುಂಚೆ ದಿನಾ ಕೇಳೋರು: "ಬೆಳಕು ಎಡಗಡೆ ಇದೆಯಾ?" ಮಕ್ಕಳು "ಇದೆ ಮಿಸ್" ಎಂದು ಕೂಗಬೇಕು. ನಾನು ಅವರ ಶಾಲೆಯ ಅಡುಗೆಯವಳು, ಹಲೀನಾ. ನನ್ನ ಒಲೆಯನ್ನೂ ಒಮ್ಮೆ ತಿರುಗಿಸಲು ನೋಡಿದ್ದರು, ಸೌಟು ತೋರಿಸಿ ಓಡಿಸಿದ್ದೆ.

ಯುದ್ಧ ಶುರುವಾಗಿ, ಕ್ಷಿಪಣಿ ಬಿದ್ದು ಶಾಲೆಯ ಛಾವಣಿ ಹೋದ ಮೇಲೆ ಪಾಠವೆಲ್ಲ ಫೋನಿನಲ್ಲಿ. ಕರೆಂಟು ಬಂದರೆ ನೆಟ್‌ವರ್ಕ್ ಇರದು. ಒಂದನೇ ಕ್ಲಾಸಿನ ಮಕ್ಕಳು ಒಬ್ಬರನ್ನೊಬ್ಬರು ಕಂಡಿದ್ದೇ ಹೆಬ್ಬೆರಳ ಗಾತ್ರದಲ್ಲಿ. ಯುಸ್ತೀನಾರಿಗೆ ಇದು ಸಹಿಸಲಾಗಲಿಲ್ಲ. ಸಾಮೂಹಿಕ ಬೇಸಾಯದ ಕಾಲದ ಆಲೂಗಡ್ಡೆ ನೆಲಮಾಳಿಗೆಯೊಂದು ಊರಾಚೆ ಪಾಳುಬಿದ್ದಿತ್ತು. ಅದರ ಬೀಗ ಒಡೆಸಿದರು. ಅಲ್ಲಿ ತರಗತಿ ನಡೆಸಲು ಜಿಲ್ಲೆಯ ತಪಾಸಣೆಯವರ ಒಪ್ಪಿಗೆ ಬೇಕು, ಸಿಗದಿದ್ದರೆ ಮತ್ತೆ ಫೋನೇ ಗತಿ. ಕಾಯುವ ತಾಳ್ಮೆ ಅವರಿಗೆಲ್ಲಿ? ಸುಣ್ಣ ಬಳಿಯುವ ನೆಪದಲ್ಲಿ ಮಕ್ಕಳನ್ನು ಕರೆಸಿ ಕೂರಿಸಿಯೇ ಬಿಟ್ಟರು.

ನೆಲದಡಿ ಕಿಟಕಿ ಎಲ್ಲಿಂದ ಬರಬೇಕು! ಎಡಗೋಡೆಗೆ ತಮ್ಮ ಮನೆಯ ಕಸೂತಿ ಪರದೆಯನ್ನು ನೆಲ ಮುಟ್ಟುವಂತೆ ತೂಗುಹಾಕಿದರು.

"ಬರೀ ಗೋಡೆಗೆ ಪರದೆನಾ? ತಲೆಗಿಲೆ ಕೆಟ್ಟಿದ್ಯಾ ನಿಮಗೆ?" ಅಂದೆ.

"ನೀನು ಬೀಟ್ರೂಟ್ ಹೆಚ್ಚು ಹೋಗು, ಹಲೀನಾ."

ದಿನಕ್ಕೊಂದು ಮಗು ಪರದೆಯ ಹಿಂದೆ ಹೋಗಿ ಹೊರಗೇನು ಕಾಣುತ್ತೆಂದು ಹೇಳಬೇಕಿತ್ತು. ಒಬ್ಬನಿಗೆ ತಿಮಿಂಗಿಲ ಕಂಡಿತು. ಇನ್ನೊಬ್ಬಳಿಗೆ ಯುದ್ಧದಿಂದ ರಜೆಯ ಮೇಲೆ ಬರುತ್ತಿದ್ದ ಅಪ್ಪ ಕಂಡ. ನನಗೂ ಕುತೂಹಲ ಹತ್ತಿತು. ನೆಲಮಾಳಿಗೆಯ ಹೊರಗೆ ಹೂಡಿದ್ದ ಒಲೆಯ ಮೇಲೆ ಸಾರಿಟ್ಟು ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ಒರಿಸ್ಯಾ ಎಂಬ ಹುಡುಗಿಯದು ಮಾತ್ರ ಪ್ರತಿ ಸಲವೂ ಒಂದೇ ಮಾತು: "ಗಾಳಿ."

"ಗಾಳಿ ಕಣ್ಣಿಗೆ ಕಾಣ್ಸುತ್ತಾ ಚಿನ್ನ?"

"ಕಾಣ್ಸಲ್ಲ ಮಿಸ್. ಕಾಲಿಗೆ ತಾಗುತ್ತೆ."

ಮಕ್ಕಳು ನಕ್ಕರು, ಯುಸ್ತೀನಾ ನಿಟ್ಟುಸಿರುಬಿಟ್ಟರು. ಬೆಳಕು ಎಡಗಡೆ ಇದೆಯಾ ಅಂದಾಗ ಎಲ್ಲರೂ "ಇದೆ" ಎಂದು ಕೂಗಿದರೆ, "ಇಲ್ಲ ಮಿಸ್" ಅನ್ನುತ್ತಿದ್ದವಳೂ ಇವಳೇ. "ಈ ಕೂಸಿಗೆ ಕನಸು ಕಾಣೋದೇ ಬರಲ್ವಲ್ಲೇ" ಎಂದು ನನ್ನ ಹತ್ತಿರ ಪೇಚಾಡಿಕೊಂಡರು.

ಕೊನೆಗೂ ಜಿಲ್ಲೆಯಿಂದ ಕ್ಲಿಮ್‌ಚೂಕ್ ಸಾಹೇಬರು ಬಂದರು. ಕೆಟ್ಟ ಮನುಷ್ಯನಲ್ಲ, ಆದರೆ ನಗು ಅವರ ಹತ್ತಿರ ಸುಳಿಯುತ್ತಿರಲಿಲ್ಲ. ದೀಪ, ನೀರು, ಕಕ್ಕಸು ಎಲ್ಲ ನೋಡಿದರು.

"ಹೊರಗೆ ಹೋಗೋಕೆ ಎರಡನೇ ದಾರಿ ಎಲ್ಲಿ?"

"ಇಲ್ಲ" ಅಂದರು ಯುಸ್ತೀನಾ.

"ಇರೋ ಒಂದು ಬಾಗಿಲು ಕುಸಿದರೆ ಇಷ್ಟು ಮಕ್ಕಳು ಇಲ್ಲೇ ಹೂತು ಹೋಗ್ತಾರಮ್ಮ. ನಾನು ಒಪ್ಪಿಗೆ ಕೊಡೋದು ಹೇಗೆ?"

ಅಧಿಕಾರಿಯ ಮೇಲೆ ನನಗೆ ಮೈಯೆಲ್ಲ ಉರಿದರೂ, ಆತ ಹೇಳಿದ್ದು ನಿಜ ಅನ್ನುವುದೇ ಹೆಚ್ಚು ಉರಿಸಿತು.

"ಆ ಬಟ್ಟೆನೂ ತೆಗೆಸಿ. ಬೆಂಕಿ ಹತ್ತುತ್ತೆ" ಎಂದು ಅವರು ಹೊರಡಲು ತಿರುಗಿದರು.

"ತೆಗೀಬೇಡಿ, ಗಾಳಿ ಬಂದು ಚಳಿ ಆಗುತ್ತೆ!" ಅಂದಳು ಒರಿಸ್ಯಾ.

"ಗೋಡೆಯಿಂದ ಗಾಳಿನಾ?"

"ಏನೋ ಮಗು ಕಲ್ಪನೆ ಸಾರ್..." ಎಂದರು ಯುಸ್ತೀನಾ.

"ಕಲ್ಪನೆ ಅಲ್ಲ" ಎಂದಳು ಹುಡುಗಿ.

ಯುಸ್ತೀನಾ ಅವಳನ್ನೇ ನೋಡುತ್ತ ನಿಂತರು. ಹೌದಲ್ಲ, ಈ ಹುಡುಗಿಗೆ ಇಲ್ಲದ್ದನ್ನು ಇದೆ ಅನ್ನಲು ಬರುವುದೇ ಇಲ್ಲ! "ಹಲೀನಾ, ಬೆಂಕಿಕಡ್ಡಿ ಕೊಡೇ!" ಎಂದು ಕೂಗಿದರು. ಪರದೆ ಸರಿಸಿ ಗೋಡೆಯ ಬುಡದಲ್ಲಿ ಕಡ್ಡಿ ಗೀರಿದರೆ ಜ್ವಾಲೆ ಗೋಡೆಯಿಂದ ಈಚೆಗೆ ಬಾಗಿ ಆರಿಹೋಯಿತು. ಇನ್ನೊಂದು ಗೀರಿದರು, ಅದೂ ಹಾಗೆಯೇ. ಕ್ಲಿಮ್‌ಚೂಕ್ ತಾವೇ ಮಂಡಿಯೂರಿ ಸುಣ್ಣ ಕೆರೆದರು. ಒಳಗೆ ಬೇರೆ ಬಣ್ಣದ ಇಟ್ಟಿಗೆ. ಹಾರೆ ತರಿಸಿ ಒಡೆಸಿದಾಗ ಹಿಂದಿನ ಕಾಲದಲ್ಲಿ ಗಾಡಿಯಿಂದ ಆಲೂಗಡ್ಡೆ ಸುರಿಯುತ್ತಿದ್ದ ಇಳಿಜಾರು ದಾರಿ ಸಿಕ್ಕಿತು. ಒಬ್ಬ ದೊಡ್ಡವನು ಬಗ್ಗಿ ಹತ್ತಿಹೋಗುವಷ್ಟು ಅಗಲವಿತ್ತು.

ಮೈತುಂಬ ಇಟ್ಟಿಗೆ ಪುಡಿಯಾಗಿದ್ದ ಯುಸ್ತೀನಾ ಒರಿಸ್ಯಾಳ ಮುಂದೆ ಕುಕ್ಕರಗಾಲಲ್ಲಿ ಕೂತರು. "ನೀನು ಹೇಳ್ತಾನೇ ಇದ್ದೆ. ನಾನೇ ಕೇಳ್ಲಿಲ್ಲ ಕಣೇ. ತಪ್ಪಾಯ್ತು." ಹುಡುಗಿ ಟೀಚರಮ್ಮನ ಕೂದಲಿನ ಪುಡಿ ಕೊಡವಿದಳು.

ದಾರಿಗೆ ಕಬ್ಬಿಣದ ಬಾಗಿಲು ಬಂತು, ಒಪ್ಪಿಗೆಯೂ ಬಂತು. ಸೈರನ್ ಇಲ್ಲದ ಹೊತ್ತು ಬಾಗಿಲು ತೆರೆದಿಡಬಹುದಿತ್ತು. ಮೊದಲ ದಿನ ಬಿಸಿಲಿತ್ತು. ಮಕ್ಕಳು ಪುಸ್ತಕ ಬಿಚ್ಚಿ ಪೆನ್ಸಿಲ್ ಹಿಡಿದರು. ನಾನು ವರೇನಿಕಿ ಕಡುಬಿನ ತಟ್ಟೆ ಹಿಡಿದು ಹಳೇ ಬಾಗಿಲಲ್ಲೇ ನಿಂತೆ.

"ಬೆಳಕು ಎಡಗಡೆ ಇದೆಯಾ?" ಎಂದು ಕೇಳಿದರು ಯುಸ್ತೀನಾ.

ಯಾರೂ ಕೂಗಲಿಲ್ಲ. ಎಲ್ಲರೂ ಒರಿಸ್ಯಾಳತ್ತ ತಿರುಗಿದರು. ಅವಳು ಹಾಳೆಯ ಮೇಲೆ ಕೈಯಿಟ್ಟಳು, ನೆರಳು ಎತ್ತ ಬಿತ್ತೆಂದು ಬಗ್ಗಿ ನೋಡಿದಳು, ಕೈ ಎತ್ತಿ ಮತ್ತೊಮ್ಮೆ ಇಟ್ಟು ನೋಡಿದಳು.

"ಇದೆ ಮಿಸ್" ಅಂದಳು.