ನಮ್ಮ ಹೋಟೆಲಿನ ದೋಸೆಯೂ ಮಾವನ ಫ್ಲ್ಯಾಶೂ

ನೀವು ಇದನ್ನು ನಂಬುವುದಿಲ್ಲ. ನಂಬದಿದ್ದರೆ ಬೇಜಾರಿಲ್ಲ, ಪಕ್ಕದಲ್ಲೇ ನಿಂತು ಎಲ್ಲವನ್ನೂ ನೋಡಿದ ನನ್ನ ಅಕ್ಕನೇ ಇನ್ನೂ ನಂಬಿಲ್ಲ. ಒಂದೇ ಎಚ್ಚರಿಕೆ: ಏನಾದರೂ ತಿನ್ನುತ್ತಾ ಓದಬೇಡಿ.

ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ ಇಳಿದು, ರಿಕ್ಷಾಗಳ ಸಾಲು ದಾಟಿ, ಕಬ್ಬಿನ ರಸದ ಗಾಡಿಯ ಪಕ್ಕದ ಗಲ್ಲಿಗೆ ತಿರುಗಿದರೆ ನಮ್ಮ ಅಪ್ಪನ ಹೋಟೆಲ್. ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿಸಿ ನಾನು ಮಂಚದ ಮೇಲೆ ಘನತೆಯಿಂದ ರಜೆ ಕಳೆಯುತ್ತಿದ್ದೆ. ಆಗ ಅಪ್ಪನಿಗೆ ಹೋಟೆಲಿನ ತಿಂಡಿಗಳನ್ನು ಮನೆಮನೆಗೆ ತಲುಪಿಸುವ ಆ್ಯಪ್‌ಗೆ ಹಾಕುವ ಆಸೆ ಹುಟ್ಟಿತು. ಆ್ಯಪ್‌ನವರು ಫೋಟೋ ಕೇಳಿದರು. ಫೋಟೋಗ್ರಾಫರನನ್ನು ಕರೆಸುತ್ತೇನೆ ಎಂದರು ಅಪ್ಪ. ನನ್ನ ಬಾಯಿ, ನನ್ನನ್ನು ಒಂದು ಮಾತೂ ಕೇಳದೆ, "ಅದೆಲ್ಲ ನಂಗೆ ಬರ್ತದೆ" ಎಂದುಬಿಟ್ಟಿತು.

"ನಿಂಗೆ?"

"ಶಾಲೆಯ ವಾರ್ಷಿಕೋತ್ಸವದ್ದು ಫೋಟೋ ಇಡೀ ನಾನೇ ತೆಗ್ದದ್ದು."

ತೆಗೆದದ್ದು ನಿಜ. ಮೊಬೈಲಿನಲ್ಲಿ. ಅರ್ಧಕ್ಕರ್ಧ ಫೋಟೋಗಳಲ್ಲಿ ನನ್ನದೇ ಬೆರಳು.

ಅಪ್ಪ ಟವೆಲಿನಿಂದ ಕೈ ಒರೆಸುತ್ತಾ ಸ್ವಲ್ಪ ಯೋಚಿಸಿದರು. "ಸರಿ. ಭಾನುವಾರ ಸಂಜೆ ಒಳಗೆ ಆಗ್ಬೇಕು. ಚಂದ ಬಂದ್ರೆ ರಜೆ ಇಡೀ ನಿಂದು, ಎಲ್ಲಿ ಬೇಕಾದ್ರೂ ತಿರ್ಗು. ಬರ್ಲಿಲ್ಲ ಅಂತಾದ್ರೆ ಕೂಪನ್ ಕೌಂಟರಿಗೆ ಕೂತ್ಕೊಳ್ಳುದು. ಕಾಲೇಜ್ ಶುರುವಾಗುವವರೆಗೆ."

ಕೂಪನ್ ಕೌಂಟರ್ ಎಂದರೆ ಏನೆಂದು ನಿಮಗೆ ಗೊತ್ತಿಲ್ಲ. ಮೇ ತಿಂಗಳಲ್ಲಿ, ಸಂಜೆಯ ಲೋಕಲ್ ಟ್ರೈನಿನಲ್ಲಿ ಜಜ್ಜಿಸಿಕೊಂಡು ಬಂದ ಗಿರಾಕಿ ಒದ್ದೆ ಜೇಬಿಗೆ ಕೈ ಹಾಕಿ ಒದ್ದೆ ನೋಟುಗಳ ಕಂತೆ ತೆಗೆಯುತ್ತಾನೆ. ಬೆರಳನ್ನು ನಾಲಿಗೆಗೆ ಒತ್ತಿಕೊಳ್ಳುತ್ತಾನೆ. ನೋಟು ಬೇರ್ಪಡಿಸಿ ನನ್ನ ಕೈಗಿಡುತ್ತಾನೆ. ಅವನ ನಾಲಿಗೆಗೂ ನನ್ನ ಅಂಗೈಗೂ ನಡುವೆ ಇರುವುದು ಆ ಒಂದು ತೆಳ್ಳನೆಯ ಕಾಗದ. ಕಳೆದ ವರ್ಷ ಒಂದು ವಾರ ಕೂತಿದ್ದೆ. ಆ ವಾರ ನಾನು ಊಟ ಮಾಡಿದ್ದು ಚಮಚದಲ್ಲಿ, ಅನ್ನ ಸಾರು ಕೂಡ.

ಹಾಗಾಗಿ ಲೋಕಲ್ ಹತ್ತಿ ಥಾಣೆಗೆ ಓಡಿದೆ. ಅಲ್ಲಿಯ ನೌಪಾಡಾದಲ್ಲಿರುವ ಮಾವ ಮದುವೆಯಾದ ಹೊಸತರಲ್ಲಿ ಕ್ಯಾಮೆರಾ ಕೊಂಡಿದ್ದರು, ಜೊತೆಗೆ ಬೇರೆಯೇ ಒಂದು ದೊಡ್ಡ ಫ್ಲ್ಯಾಶ್. ಎರಡೂ ಕಪಾಟಿನ ಮೇಲೆ ವರ್ಷಗಟ್ಟಲೆ ತಪಸ್ಸು ಮಾಡಿದ್ದವು. ಫ್ಲ್ಯಾಶಿನ ಚೀಲ ತೆರೆದರೆ ಅದರ ರಬ್ಬರೆಲ್ಲ ಕರಗಿ, ಯಾರೋ ನೆಕ್ಕಿ ಬಿಟ್ಟ ಬೆಲ್ಲದ ಹಾಗೆ ಅಂಟಂಟು. ಸೆಲ್ ಹಾಕುವ ಜಾಗದಲ್ಲಿ ಹಳೇ ಸೆಲ್‌ಗಳು ಸತ್ತು, ಒಡೆದು, ಬಿಳಿ ಹಸಿರು ಪುಡಿ ಕಾರಿದ್ದವು. ವಾಸನೆ ಹೇಳುವುದಿಲ್ಲ. ಹಿಂದಿರುಗುವ ಟ್ರೈನಿನಲ್ಲಿ ನನ್ನ ಎರಡೂ ಬದಿಯಲ್ಲಿ ಜಾಗ ಖಾಲಿ ಇತ್ತು. ಸಂಜೆಯ ಕಲ್ಯಾಣ ಲೋಕಲ್‌ನಲ್ಲಿ. ಇದನ್ನೂ ನೀವು ನಂಬುವುದಿಲ್ಲ.

ಭಾನುವಾರ ಮಧ್ಯಾಹ್ನದ ಊಟ ಮುಗಿದ ಮೇಲೆ ಷಟರ್ ಅರ್ಧ ಇಳಿಸುತ್ತಾರೆ. ಅಪ್ಪ ಯಾವುದೋ ಹಳೇ ಗ್ರೈಂಡರ್ ನೋಡಲು ಕಲ್ಯಾಣಕ್ಕೆ ಹೋದರು. ದೋಸೆ ಹುಯ್ಯುವ ಅಡುಗೆಯವ, ನಮ್ಮ ದೋಸೆಯಣ್ಣ, ಮಲಗುವ ಹೊತ್ತಿನಲ್ಲಿ ಎಬ್ಬಿಸಿದ ಸಿಟ್ಟನ್ನೆಲ್ಲ ಕಾವಲಿಯ ಮೇಲೆ ತೀರಿಸಿ ಒಂದು ಮಸಾಲೆ ದೋಸೆ, ಒಂದು ತಟ್ಟೆ ಇಡ್ಲಿ ಕೊಟ್ಟ. ಅಕ್ಕ ತಟ್ಟೆ ಹಿಡಿಯಲು ಬಂದಳು. ಅವಳೊಂದಿಗೆ ಕನ್ನಡದಲ್ಲಿ ಮಾತಾಡಿದರೆ ಹಿಂದಿಯಲ್ಲಿ ಉತ್ತರ, ಹಿಂದಿಯಲ್ಲಿ ಮಾತಾಡಿದರೆ ಬೈಗುಳ.

ನನ್ನ ಏರ್ಪಾಡು ಹೀಗಿತ್ತು. ತಿಂಡಿಗೆ ಬೆಳಕು ಪಕ್ಕದಿಂದ ಬೀಳಬೇಕು ಎಂದು ವಿಡಿಯೋದಲ್ಲಿ ಒಬ್ಬ ಹೇಳಿದ್ದ. ಅದಕ್ಕೆ ದೊಡ್ಡ ಫ್ಲ್ಯಾಶಿಗೆ ಮನೆಯ ರಿಮೋಟು ಗಡಿಯಾರಗಳ ಸೆಲ್ ತುಂಬಿ, ಅದನ್ನು ಕ್ಯಾಮೆರಾಕ್ಕೆ ಸಿಕ್ಕಿಸದೆ, ಸ್ಟೀಲ್ ಡಬ್ಬದ ಮೇಲೆ ನಿಲ್ಲಿಸಿ ಸ್ಲೇವ್ ಮೋಡ್‌ಗೆ ಹಾಕಿದೆ. ಎಂದರೆ, ಅದರ ಎದುರಿಗೊಂದು ಕೆಂಪು ಕಿಟಕಿ ಇದೆ. ಕ್ಯಾಮೆರಾದ ತಲೆಯ ಮೇಲಿನ ಪುಟಾಣಿ ಫ್ಲ್ಯಾಶ್ ಮಿಂಚಿದ್ದನ್ನು ಆ ಕಿಟಕಿಯಿಂದ ಕಂಡು ದೊಡ್ಡದೂ ಮಿಂಚಬೇಕು. ತಿಂಡಿ ಹೊಳೆಯಲು ಎಣ್ಣೆ ಸವರಿ ಎಂದೂ ಅವನು ಹೇಳಿದ್ದ. ಇಡ್ಲಿಗೆ ತೆಂಗಿನೆಣ್ಣೆ ಸವರಿದೆ. ಅದು ಮದುವೆ ಮನೆಯ ಮೊದಲ ಸಾಲಿನಲ್ಲಿ ಕೂತ ದೊಡ್ಡಪ್ಪಂದಿರ ಬೋಳುತಲೆಯ ಹಾಗೆ ಕಂಡಿತು.

"ಛೀ," ಅಂದಳು ಅಕ್ಕ. "ಯೇ ಕೌನ್ ಖಾಯೇಗಾ?"

ಬಟನ್ ಒತ್ತಿದೆ. ದೊಡ್ಡ ಫ್ಲ್ಯಾಶ್ ಮಿಂಚಲಿಲ್ಲ. ಫೋಟೋದಲ್ಲಿ ದೋಸೆ ಕತ್ತಲಲ್ಲಿ ಬಿದ್ದ ಚಪ್ಪಲಿಯ ಹಾಗೆ ಬಂತು. ಕ್ಯಾಮೆರಾ ಕೆಳಗಿಟ್ಟೆ. ಯಾರೂ ಏನೂ ಮುಟ್ಟಿಲ್ಲ, ಫ್ಲ್ಯಾಶ್ ತಾನಾಗಿ ಫಳ್ ಎಂದಿತು.

ಸೆಲ್ ಸರಿಯಿಲ್ಲ ಎಂದುಕೊಂಡು ಸ್ಟೇಷನ್ ಹತ್ತಿರ ಓಡಿ ಹೊಸ ಸೆಲ್ ತಂದೆ. ಒಳಗಿನ ಹಸಿರು ಪುಡಿಯನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿದೆ. ಅದು ಉಗುರಿನೊಳಗೆ ಹೋಗಿ ಕೂತಿತು, ಈಗಲೂ ಇದೆ ಎಂದು ನನ್ನ ಅನುಮಾನ. ಮತ್ತೆ ಅದೇ. ಬೇಕಾದಾಗ ಮಿಂಚುವುದಿಲ್ಲ, ಬೇಡವಾದಾಗ ಫಳ್. ಮಿಂಚಿದ ಮೇಲೆ ಮತ್ತೆ ಚಾರ್ಜ್ ಆಗುವವರೆಗೆ ಕುಂಯ್ ಎಂದು ಸೊಳ್ಳೆಯ ಹಾಗೆ ರಾಗ. ಆ ರಾಗ ನಡೆಯುವಾಗಲೇ ನಾನು ಬಟನ್ ಒತ್ತಿದರೆ ಪಾಪ ಅದಾದರೂ ಏನು ಮಿಂಚೀತು.

"ದೋಸೆಗೆ ಎಕ್ಸ್‌ರೇ ತೆಗೀತಿಯನಾ ಮಾರಾಯ?" ಬೆಂಚಿನ ಮೇಲೆ ಮಲಗಿದ್ದ ದೋಸೆಯಣ್ಣ ಕಣ್ಣು ತೆರೆಯದೆ ಕೇಳಿದ. "ಮೂಳೆ ಮುರ್ದಿದಾ?"

ಕೆಂಪು ಕಿಟಕಿಗೆ ಅಂಗೈ ಅಡ್ಡ ಹಿಡಿದೆ. ತಾನಾಗಿ ಮಿಂಚುವುದು ನಿಂತಿತು. ತೆಗೆದೆ. ಸ್ವಲ್ಪ ಹೊತ್ತಿಗೆ ಫಳ್. ಹಾಗಾದರೆ ಅದು ಏನನ್ನೋ ನೋಡುತ್ತಿದೆ. ಏನನ್ನು? ಅಕ್ಕನ ಮೊಬೈಲ್ ಕಸಿದು ಡಬ್ಬದೊಳಗೆ ಹಾಕಿದೆ. ಟ್ಯೂಬ್‌ಲೈಟ್ ಆರಿಸಿದೆ. ಷಟರ್ ಇನ್ನಷ್ಟು ಇಳಿಸಿದೆ. ಫಳ್. ಕೊನೆಗೆ ತಲೆ ಕೆಟ್ಟು ಅದರ ಮುಖಕ್ಕೆ ಮುಖವಿಟ್ಟು ಒಳಗೆ ಇಣುಕಿದೆ. ಅದು ಕಾಯುತ್ತಿದ್ದದ್ದೇ ಅದಕ್ಕೆ.

ಕಣ್ಣು ಮುಚ್ಚಿ ಕೂತೆ. ರೆಪ್ಪೆಯೊಳಗೆ ಹಸಿರು ದೋಸೆಗಳು ಈಜುತ್ತಿದ್ದವು. ಕಾಣದೆ ಕೂತಿದ್ದರಿಂದಲೇ ಕೇಳಿಸಿತು: ಚಟ್. ಆ ಕ್ಷಣವೇ ರೆಪ್ಪೆಯಾಚೆ ಕೆಂಪಗೆ ಬೆಳಕು. ಕುಂಯ್. ಸ್ವಲ್ಪ ತಡೆದು, ಚಟ್, ಬೆಳಕು.

ಆ ಚಟ್ ನಾನು ಹುಟ್ಟಿದಾಗಿನಿಂದ ಕೇಳಿದ ಸದ್ದು, ಅದಕ್ಕೇ ಎಂದೂ ಕೇಳಿಸಿರಲಿಲ್ಲ. ಕಣ್ಣು ಬಿಟ್ಟು ಎದುರಿನ ಗೋಡೆ ನೋಡಿದೆ. ನಮ್ಮ ನೊಣ ಹೊಡೆಯುವ ಮಿಷಿನ್. ನೀಲಿ ದೀಪ, ಮುಂದೆ ಕರೆಂಟಿನ ತಂತಿಗಳು. ನೊಣವೊಂದು ಹೋಗಿ ತಂತಿಗೆ ಕೂತಿತು. ಚಟ್, ಒಂದು ಕಿಡಿ. ಆ ಕಿಡಿ ಕಂಡು ಮಾವನ ಫ್ಲ್ಯಾಶ್ ಇಡೀ ಹೋಟೆಲನ್ನೇ ಬೆಳಗಿತು.

ಒಂದೊಂದು ನೊಣ ಸತ್ತಾಗಲೂ ನಾವು ಫ್ಲ್ಯಾಶ್ ಹೊಡೆದು ಮರ್ಯಾದೆ ಕೊಡುತ್ತಿದ್ದೆವು.

"ಶೀ, ಗಲೀಜ್," ಅಂದಳು ಅಕ್ಕ. ನಂತರ ಅವಳ ಬಾಯಿಂದ ಆ ದಿನದ ಏಕೈಕ ಬುದ್ಧಿಯ ಮಾತು ಬಂತು. "ಮಿಷಿನ್ ಬಂದ್ ಕರ್, ಫೋಟೋ ನಿಕಾಲ್, ಖತಂ ಕರ್."

ಸ್ವಿಚ್ ನನ್ನ ಕೈಗೆ ಎಟುಕುವಷ್ಟು ಹತ್ತಿರದಲ್ಲಿತ್ತು. ಐದು ನಿಮಿಷದ ಕೆಲಸ, ಆಮೇಲೆ ರಜೆ ಇಡೀ ನನ್ನದು. ಆದರೆ ನೀವೇ ಹೇಳಿ, ಇಂಥದ್ದೊಂದನ್ನು ಕಂಡುಹಿಡಿದವನು ಅದರ ರೀಲ್ ಮಾಡದೆ ಸ್ವಿಚ್ ಆರಿಸುತ್ತಾನೆಯೇ? ನಮ್ಮ ಕ್ಲಾಸಿನ ಗ್ರೂಪಿನಲ್ಲಿ ನನ್ನ ಹೆಸರು ಅಜರಾಮರವಾಗುವ ಗಳಿಗೆ.

ಮೊಬೈಲನ್ನು ಡಬ್ಬದಿಂದ ಎತ್ತಿ ಅಕ್ಕನಿಗೆ ಕೊಟ್ಟು ವಿಡಿಯೋ ಹಿಡಿ ಎಂದೆ. ಆದರೆ ಕ್ಯಾಮೆರಾ ಇದೆ ಎಂದ ಕೂಡಲೇ ನೊಣಗಳಿಗೂ ನಾಚಿಕೆ. ಒಂದೂ ಬರಲಿಲ್ಲ. ಅಡುಗೆಮನೆಯಿಂದ ಬೆಲ್ಲ ತಂದು, ನೀರಲ್ಲಿ ಕಲಸಿ, ಮಿಷಿನ್ನಿನ ಅಂಚಿಗೆ ಸವರಿದೆ. ಷಟರ್ ಮತ್ತೆ ಮೇಲೆತ್ತಿದೆ. ಮಾವಿನ ಹಣ್ಣಿನ ಕಾಲ, ಹೊರಗೆ ಕಬ್ಬಿನ ರಸದ ಗಾಡಿ, ಅದರ ಕೆಳಗೆ ತೆರೆದ ಗಟಾರ. ಡೊಂಬಿವಲಿ ಪೂರ್ವದ ನೊಣಗಳೆಲ್ಲ ಬಂದವು, ಪಶ್ಚಿಮದವು ಸ್ಟೇಷನ್ನಿನ ಸೇತುವೆ ಹತ್ತಿ ಬಂದವು. ಚಟ್ ಫಳ್, ಚಟ್ ಫಳ್. ಮಂತ್ರಿಯ ಮಗಳ ಮದುವೆಯಲ್ಲೂ ಅಷ್ಟು ಫ್ಲ್ಯಾಶ್ ಹೊಡೆದಿರಲಾರದು.

"ಇತಕ್ಯಾ ವರ್ಷಾತ್ ಎಷ್ಟು ಸತ್ತಿರ್ಬಹುದು?" ಎಂದು ಅಕ್ಕ ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಕೇಳಿದಳು. ಅವಳಿಗೆ ಕನ್ನಡ ಹೊರಟದ್ದೇ ನನ್ನ ಗೆಲುವು. ಉತ್ತರ ತೋರಿಸಲು ಮಿಷಿನ್ನಿನ ಅಡಿಯ ಟ್ರೇ ಎಳೆದೆ.

ಎಳೆಯಬಾರದಿತ್ತು. ಹುರಿದ ಸಾಸಿವೆ ತುಂಬಿಟ್ಟ ಹಾಗೆ ಅಂಚಿನವರೆಗೆ ನೊಣ. ಒಣಗಿದವು, ಸುಟ್ಟವು, ಕಾಲು ಮೇಲೆ ಮಾಡಿದವು. ಮೇಲಿನವು ಇನ್ನೂ ಅರ್ಧ ಜೀವದಲ್ಲಿ ಗುಂಯ್‌ಗುಡುತ್ತಿದ್ದವು. ಸುಟ್ಟ ಕೂದಲಿನ ವಾಸನೆ. ಅಕ್ಕ ಬಾಯಿ ಮುಚ್ಚಿಕೊಂಡು ಬೇಸಿನ್ನಿಗೆ ಓಡಿದಳು. ನಾನು ಮುಖ ಆಚೆ ತಿರುಗಿಸಿದೆ. ಟ್ರೇಯನ್ನು ಎಲ್ಲಾದರೂ ಇಟ್ಟರೆ ಸಾಕಾಗಿ ಕಂಡ ಜಾಗದಲ್ಲಿ ಇಟ್ಟೆ. ಕಂಡ ಜಾಗ ಎಂದರೆ ಟೇಬಲ್. ದೋಸೆಗೂ ಇಡ್ಲಿಗೂ ನಡುವೆ. ಬೆಲ್ಲದಲ್ಲಿ ಜಾಗ ಸಿಗದ ನೊಣಗಳು ಅಷ್ಟರಲ್ಲಿ ಇಡ್ಲಿಯ ತೆಂಗಿನೆಣ್ಣೆಗೆ ಅಂಟಿಕೊಂಡು ಕಾಲು ಬಿಡಿಸಿಕೊಳ್ಳಲು ಒದ್ದಾಡುತ್ತಿದ್ದವು.

ಫಳ್ ಎಂದ ಬೆಳಕಿನಲ್ಲಿ ಬಾಗಿಲಲ್ಲಿ ನಿಂತ ಅಪ್ಪ ಕಂಡರು.

ಒಳಗೆ ಬಂದು ದೋಸೆ ನೋಡಿದರು, ಬೆಲ್ಲ ನೋಡಿದರು, ಬೇಸಿನ್ನಿಗೆ ಬಾಗಿದ ಅಕ್ಕನನ್ನು ನೋಡಿದರು. ಟೇಬಲ್ಲಿನ ಹತ್ತಿರ ಬಂದು, ಟ್ರೇಯತ್ತ ಬೆರಳು ತೋರಿಸಿದರು.

"ಇದನ್ನು ಆ್ಯಪ್‌ನಲ್ಲಿ ಯಾವ ಹೆಸರಲ್ಲಿ ಹಾಕುದು?"

ಬೆಂಚಿನ ಮೇಲೆ ಮಲಗಿದ್ದ ದೋಸೆಯಣ್ಣನ ಹೊಟ್ಟೆ ಸದ್ದಿಲ್ಲದ ನಗುವಿಗೆ ಕುಲುಕಿತು.

"ಅಪ್ಪಾ, ಕಾರಣ ಸಿಕ್ತು," ಎಂದೆ. "ಇನ್ನು ಐದೇ ನಿಮಿಷ."

ಅಪ್ಪ ಮಿಷಿನ್ನಿನ ಸ್ವಿಚ್ ಆರಿಸಿದರು. ನೀಲಿ ದೀಪ ಹೋಯಿತು, ಚಟ್ ನಿಂತಿತು, ಫ್ಲ್ಯಾಶ್ ಸುಮ್ಮನಾಯಿತು. ಅದನ್ನೆತ್ತಿ ಅಂಟು ಚೀಲಕ್ಕೆ ತುರುಕಿ, ಕೈ ಮೂಸಿ ಮುಖ ಹಿಂಡಿ, ಅದೇ ಕೈಯಿಂದ ಕೂಪನ್ ಡಬ್ಬಿಯನ್ನು ನನ್ನ ಮುಂದೆ ಇಟ್ಟರು. ಎತ್ತಿದ ಷಟರ್ ಕೆಳಗಿನಿಂದ ಮೊದಲ ಗಿರಾಕಿ ಆಗಲೇ ಬಗ್ಗಿ ಒಳಗೆ ಬರುತ್ತಿದ್ದ, ಬೆರಳು ನಾಲಿಗೆಯ ಮೇಲೆ.