ಮೂರು ಕನ್ನಡಿಗಳ ಮೂಲೆ

ನಮ್ಮೂರು ಹಿರೇಕೆರೂರಿನಲ್ಲಿ ನನ್ನನ್ನು ಕಂಡವರೆಲ್ಲ ಕೇಳುವುದು ಒಂದೇ: "ಅಲ್ಲೇನ ಮಾಡ್ತೀಯವಾ?" ಕನ್ನಡಿ ಉಜ್ಜುತ್ತೇನೆ ಎಂದರೆ ನಗುತ್ತಾರೆ. ಸಿಟ್ಟು ಬರುತ್ತದೆ, ಆದರೆ ಸುಳ್ಳೇನಲ್ಲ. ಸೂರ್ಯನೊಳಗಿನಂಥ ಉರಿಯನ್ನು ಉಕ್ಕಿನ ಪಾತ್ರೆಯೊಂದರಲ್ಲಿ ಹುಟ್ಟಿಸುವ ಪ್ರಯೋಗಶಾಲೆ ನಮ್ಮದು. ಆ ಉರಿಯೇ ಪ್ಲಾಸ್ಮಾ. ಅದೆಷ್ಟು ದಟ್ಟವಾಗಿದೆ ಎಂದು ಕೈಯಿಟ್ಟು ನೋಡಲಾದೀತೇ? ಅದಕ್ಕೇ ಲೇಸರ್ ಕಿರಣ ಹಾಯಿಸುತ್ತೇವೆ. ಆಚೆ ಬದಿಯ ಪ್ರತಿಫಲಕ ಅದನ್ನು ಬಂದ ದಾರಿಯಲ್ಲೇ ಮರಳಿಸುತ್ತದೆ. ಮರಳಿದ ಬೆಳಕು ಎಷ್ಟು ಬದಲಾಗಿದೆ ಎಂಬುದರಿಂದ ಲೆಕ್ಕ ಸಿಗುತ್ತದೆ.

ಎರಡು ಗೋಡೆ, ಒಂದು ನೆಲ ಕೂಡುವ ಮೂಲೆಯ ಹಾಗೆ ಮೂರು ಗಾಜುಗಳನ್ನು ಜೋಡಿಸಿ, ಮೇಲೆ ಚಿನ್ನದ ತೆಳು ಪೊರೆ ಕೊಟ್ಟರೆ ಅಂಥ ಪ್ರತಿಫಲಕ. ಅದರ ಮುಂದೆ ಮೂಗು ಬಾಯಿ ಕಟ್ಟಿಕೊಂಡು ದಿನಗಟ್ಟಲೆ ಒಬ್ಬಳೇ ಕೂರುತ್ತೇನೆ. ಉಸಿರು ತಾಗಿದರೂ ಕೆಡುತ್ತದೆ, ಇನ್ನು ಮಾತೆಲ್ಲಿಯದು? ಕೆಲವು ಸಂಜೆ ನನ್ನ ದನಿಯೇ ನನಗೆ ಹೊಸದೆನಿಸುತ್ತದೆ.

ಅಪ್ಪ ಪತ್ತಾರ, ಬಜಾರದಲ್ಲಿ ಬಂಗಾರದ ಕೆಲಸ. ಅವನೊಬ್ಬನಿಗಾದರೂ ನನ್ನ ಕೆಲಸ ತಿಳಿಯಲಿ ಎಂಬ ಹಟ ನನಗೆ. ನಾನು ಮಾಡಿದ ಮೊದಲ ಪ್ರತಿಫಲಕ ಅಂಚು ಒಡೆದು ಬೇಡವಾಗಿತ್ತು. ಅದನ್ನು ಕೇಳಿ ಪಡೆದು, ಈ ಸಲ ರಜೆಗೆ ಊರಿಗೆ ತಂದೆ. ನಿಂಬೆಹಣ್ಣಿನಷ್ಟು ದೊಡ್ಡದು. ಮೇಲಿನ ಪೊರೆ ಬಂಗಾರದ್ದು ಎಂದೆ. ಅಪ್ಪ ಕನ್ನಡಕ ಏರಿಸಿ ತಿರುಗಿಸಿ ನೋಡಿದ.

"ಇದರಾಗ ಬಂಗಾರ ಎಷ್ಟೈತಿ?"

"ಒಂದು ಗುಂಜಿ ತೂಕಾನೂ ಇಲ್ಲ."

"ಇದಕ್ಕ ಇಷ್ಟ ವರ್ಷ ಓದಿದೇನವಾ?"

ಇಬ್ಬರೂ ನಕ್ಕೆವು. ನಾನು ಚಹಾ ತರುವಷ್ಟರಲ್ಲಿ ಅಪ್ಪ ಅದನ್ನು ಅಂಟವಾಳದ ನೀರಿನಲ್ಲಿ ಅದ್ದಿ ಬ್ರಷ್ಷಿನಿಂದ ತಿಕ್ಕುತ್ತಿದ್ದ. ಅವನ ಕೈಗೆ ಬಂದ ಯಾವ ಬಂಗಾರವೂ ಹಾಗೆ ತೊಳೆಸಿಕೊಳ್ಳದೆ ಹೋಗುವುದಿಲ್ಲ. ಮಗಳದೆಂದು ಇನ್ನಷ್ಟು ಜೋರಾಗಿಯೇ ತಿಕ್ಕಿದ್ದ. ಪೊರೆ ಎದ್ದು ನೀರಿನಲ್ಲಿ ತೇಲುತ್ತಿತ್ತು.

"ಯಾರ ಹೇಳಿದ್ರು ನಿನಗ ತೊಳಿ ಅಂತ?" ಕಿರುಚಿಬಿಟ್ಟೆ.

ಅಪ್ಪನ ಕೈ ನಿಂತಿತು. "ತಪ್ಪಾತವಾ. ಬಂಗಾರ ಅಂದಿ, ಬಂಗಾರದಂಗ ನೋಡಿದೆ."

ನಾಚಿಕೆಯಾಯಿತು. ಬ್ರಷ್ಷು ಮೂಲೆಯವರೆಗೆ ಹೋಗಿರಲಿಲ್ಲ, ಅಲ್ಲಿ ಚಿನ್ನ ಉಳಿದಿತ್ತು. ಒರೆಸಿ, ಅಪ್ಪನ ಕೆನ್ನೆಗೆ ಕೆನ್ನೆ ತಾಗಿಸಿ, ಇಬ್ಬರ ಎದುರು ಹಿಡಿದೆ.

"ನನ್ನ ಕಣ್ಣಷ್ಟ ಕಾಣಾಕತ್ತೈತಿ," ಎಂದ ಅಪ್ಪ. "ನೀ ಎಲ್ಲಿ ಅದಿ?"

ಅದರ ಗುಣವೇ ಹಾಗೆ, ಬೆಳಕನ್ನು ಬಂದಲ್ಲಿಗೇ ಮರಳಿಸುತ್ತದೆ. ಎಷ್ಟೇ ಹತ್ತಿರ ನಿಂತರೂ ಅದರಲ್ಲಿ ಅವರವರ ಕಣ್ಣು ಅವರವರಿಗೆ. ಹೊಸಬರಿಗೆ ಇದನ್ನು ಪಾಠ ಮಾಡಿದವಳೇ ನಾನು. ಆದರೂ ಕತ್ತು ಹೊರಳಿಸಿ ಅದರಲ್ಲೇ ಅಪ್ಪನನ್ನು ಹುಡುಕಿದೆ. ಸಿಗಲಿಲ್ಲ. ಅಳು ಬಂತು.

"ಇಲ್ಲೇ ಅದೇನಿ ಅಪ್ಪಾ, ನಿನ್ನ ಬಾಜೂಕ."

ಅಪ್ಪ ಇನ್ನೂ ಕನ್ನಡಿಯಲ್ಲೇ ಹುಡುಕುತ್ತಿದ್ದ.