ಅಪ್ಪಯ್ಯನ ರಕ್ತದೊಳಗಿನ ಸಪ್ಲಾಯರ್

ಎರಡು ವರ್ಷದ ಹಿಂದಿನ ಮಾತು. ಅಪ್ಪಯ್ಯನಿಗೆ ರಕ್ತದ ಕ್ಯಾನ್ಸರ್ ಎಂದು ತಿಳಿದು ಆಗಲೇ ವರ್ಷವಾಗಿತ್ತು. ದಿನಕ್ಕೊಂದು ಮಾತ್ರೆ ನುಂಗಿಕೊಂಡು, ಎಂದಿನಂತೆ ಚೆನ್ನೈನ ಮೈಲಾಪೂರಿನ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದರು. ನಾನೂ ಎಂದಿನಂತೆ ಊರವರ ದನಿಯನ್ನೆಲ್ಲ ಅಣಕಿಸುತ್ತಿದ್ದೆ. ನನ್ನದೇ ದನಿ ಕೇಳಲು ಚೆನ್ನಾಗಿಲ್ಲ, ಏನು ಮಾಡುವುದು.

ಆ ಸಲ ಆಸ್ಪತ್ರೆಗೆ ನಾನೂ ಜೊತೆಗೆ ಹೋಗಿದ್ದೆ. ರಕ್ತಪರೀಕ್ಷೆಯಲ್ಲಿ ಇಳಿಯಬೇಕಾದ ಕ್ಯಾನ್ಸರಿನ ಅಂಕಿ ಏರಿತ್ತು. ಹೀಗೇ ಹೋದರೆ ಈ ಮಾತ್ರೆ ಕೈಕೊಡಬಹುದು ಎಂದ ಡಾಕ್ಟರಮ್ಮ, ತಪ್ಪದೆ ತಗೊಳ್ಳುತ್ತೀರಾ ಎಂದು ತಮಿಳಿನಲ್ಲಿ ಕೇಳಿದರು. ಉಪವಾಸದ ದಿನವೊಂದು ಬಿಟ್ಟರೆ ತಪ್ಪಿಸಿದ್ದೇ ಇಲ್ಲ, ಎಂದು ಅಪ್ಪಯ್ಯ ಹೆಮ್ಮೆಯಿಂದಲೇ ಹೇಳಿದರು. ಊಟದ ಮೇಲೆ ನುಂಗಬೇಕೆಂದವರು ಡಾಕ್ಟರಮ್ಮನೇ ಅಲ್ಲವೇ? ಏಕಾದಶಿ, ಸಂಕಷ್ಟಿ, ಶನಿವಾರ ಊಟವೇ ಇಲ್ಲ, ಮತ್ತೆ ಮಾತ್ರೆ ಎಲ್ಲಿಂದ?

ಡಾಕ್ಟರಮ್ಮ ಹಣೆ ಹಿಡಿದುಕೊಂಡರು. ಆಮೇಲೆ ಕಾಗದದ ಮೇಲೆ ಒಂದು ಜೀವಕೋಶ ಬರೆದರು. ಹೊರಗಿನಿಂದ ಸಂದೇಶ ಬಂದಾಗ ಒಳಗಿನ ಕಿಣ್ವಗಳು ಅದನ್ನು ಒಂದರಿಂದೊಂದಕ್ಕೆ ದಾಟಿಸುತ್ತವಂತೆ. ಕೊನೆಗೆ ಬೇಕಾದ ಜೀನ್ ತೆರೆದುಕೊಂಡು ಕೆಲಸ ಶುರುವಾಗುತ್ತದಂತೆ. ಅಪ್ಪಯ್ಯನಲ್ಲಿ ಒಂದು ಕಿಣ್ವ ಕೆಟ್ಟು, ಸಂದೇಶ ಬಾರದಿದ್ದರೂ, ಇನ್ನಷ್ಟು ಕೋಶ ಮಾಡಿ ಎನ್ನುತ್ತಲೇ ಇದೆ. ಮಾತ್ರೆ ಅದನ್ನು ಸುಮ್ಮನಿರಿಸುತ್ತದೆ. ಅದೂ ಆ ದಿನದ ಮಟ್ಟಿಗೆ.

ಅಪ್ಪಯ್ಯನಿಗೆ ತಮಿಳು ಬರುತ್ತದೆ, ಕಿಣ್ವ ಬರುವುದಿಲ್ಲ. ನಾನು ಹೆಗಲಿಗೆ ಕರವಸ್ತ್ರ ಹಾಕಿ ಅವರ ಹೋಟೆಲಿನ ಸಪ್ಲಾಯರ್ ಆದೆ. ಖಾಲಿ ಕುರ್ಚಿ ನೋಡುತ್ತ ಮೂಗಿನಲ್ಲಿ ಕೂಗಿದೆ: ಎರಡು ಮಸಾಲೆ, ಮತ್ತೆರಡು ಮಸಾಲೆ, ಇನ್ನೂ ಎರಡು ಮಸಾಲೆ.

"ಟೇಬಲಲ್ಲಿ ಒಬ್ರೂ ಇಲ್ಲೆ ಅಪ್ಪಯ್ಯ. ಒಳಗೆ ನೀವು ಎಂತ ಮಾಡ್ತ್ರಿ?"

"ಕೂಗಿರೆ ಹೊಯ್ಯುದೇ. ಒಳಗಿದ್ದವನಿಗೆ ಗಿರಾಕಿ ಕಾಂಬುದಾ?"

ಅಂದವರು ಖಾಲಿ ಕುರ್ಚಿಯತ್ತ ತಿರುಗಿದರು. ಯಾರೂ ತಿನ್ನದ ದೋಸೆಯ ರಾಶಿ ಕಣ್ಣಿಗೆ ಬಂದಿರಬೇಕು. ಮೆಲ್ಲಗೆ ಕೇಳಿದರು:

"ಅವ ಏಕಾದಶಿ ದಿನವೂ ಕೂಗ್ತನಾ?"

ಅದನ್ನು ತಮಿಳಿಗೆ ತಿರುಗಿಸಿ ಹೇಳಿದೆ. ಡಾಕ್ಟರಮ್ಮ ನಗಲಿಲ್ಲ. ನಿದ್ದೆಯಲ್ಲೂ ಕೂಗುತ್ತಾನೆ ಎಂದರು. ಗಟ್ಟಿಮುಟ್ಟಾದವರ ಒಳಗೂ ಲೆಕ್ಕವಿಲ್ಲದಷ್ಟು ಕಿಣ್ವಗಳು ಹೊತ್ತು ಹೊತ್ತಿಗೆ ಕೂಗಿ, ಕೆಲಸವಾದೊಡನೆ ತಾವೇ ಸುಮ್ಮನಾಗುತ್ತವೆ ಎಂದರು. ನನ್ನಂಥ ಬಾಯಿಬಡುಕನ ಮೈಯೊಳಗೂ ಇಷ್ಟೊಂದು ಶಿಸ್ತು ನಡೆಯುತ್ತಿದೆಯೆಂದು ಕೇಳಿ ಮೈ ಜುಮ್ಮೆಂದಿತು.

ಮುಂದಿನ ಏಕಾದಶಿಯ ಬೆಳಿಗ್ಗೆ ಅಪ್ಪಯ್ಯ ದೇವರ ಮುಂದೆ ಬಹಳ ಹೊತ್ತು ನಿಂತಿದ್ದರು. ಆಮೇಲೆ ಬಂದು, ಗೋಧಿ ಸಜ್ಜಿಗೆ ತಿಂದು, ಮಾತ್ರೆ ನುಂಗಿದರು. ಮೀಸೆ ಮೂಡಿದಂದಿನಿಂದ ಒಮ್ಮೆಯೂ ಮುರಿಯದ ಉಪವಾಸ ಅದು. ಕೆಲವು ತಿಂಗಳಲ್ಲಿ ಅಂಕಿ ಇಳಿಯಿತು, ಈಗಲೂ ಕೆಳಗೇ ಇದೆ.

ಅವರು ಮಾತ್ರೆ ನುಂಗಿ, ನೀರು ಕುಡಿದು ಲೋಟ ಕೆಳಗಿಡುವಾಗ ನಾನು ಈಗಲೂ ಉಸಿರು ಬಿಗಿಹಿಡಿಯುತ್ತೇನೆ. ಒಳಗೆಲ್ಲೋ, ಯಾರ ಕಣ್ಣಿಗೂ ಬೀಳದಷ್ಟು ಚಿಕ್ಕ ಬಾಯಿಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿರುತ್ತವೆ.